ಪರೀಕ್ಷಕನ ಮಾತು

ಚಿತ್ತಾಪುರ, ವಾಡಿ, ಸೇಡಂ ಸೀಮೆಯು ಸುಣ್ಣದ ಕಲ್ಲಿಗೆ ಹೆಸರಾದುದು. ಆ ಕಲ್ಲಿನಿಂದಲೇ ಇಲ್ಲಿ ಸಿಮೆಂಟು ತಯಾರಾಗುತ್ತದೆ. ಅದರ ಬಲವನ್ನು ಅರಿಯಲು ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಬೆರೆಸಿ, ಪುಟ್ಟ ಘನಗಳನ್ನು ಎರೆದು, ನೀರಿನಲ್ಲಿಟ್ಟು, 3, 7 ಹಾಗೂ 28 ದಿನಗಳಾದ ಮೇಲೆ ಯಂತ್ರದಲ್ಲಿ ಅದುಮಿ ಒಡೆಯುತ್ತಾರೆ. ಯಾರ ಅವಸರಕ್ಕೂ ಘನವು ಬೇಗನೆ ಗಟ್ಟಿಯಾಗದು.

ಗಣಕಯಂತ್ರದ ಆಟಗಳಿಗೂ ಪರೀಕ್ಷೆಯುಂಟು. ಊರು ಕಾಡುಗಳಲ್ಲಿ ಆಟಗಾರನು ಮನಬಂದತ್ತ ಅಲೆಯಬಹುದಾದ ಆಟಗಳನ್ನು ಮುಕ್ತಲೋಕದ ಆಟಗಳೆನ್ನುತ್ತಾರೆ. ಇಲ್ಲಿ ಪರೀಕ್ಷಕನ ಕಷ್ಟ ದೊಡ್ಡದು. ಒಬ್ಬನು ಬಾಗಿಲಿನಿಂದ ಒಳಹೊಕ್ಕರೆ ಮತ್ತೊಬ್ಬನು ಮಾಳಿಗೆಯನ್ನು ಏರುತ್ತಾನೆ. ನೂರು ಪರೀಕ್ಷಕರಿಗೆ ಕಾಣದ ದೋಷವು ಲಕ್ಷ ಜನರು ಆಡಿದಾಗ ಹೊರಬೀಳಬಹುದು. ಆದುದರಿಂದ ಸಣ್ಣಪುಟ್ಟ ದೋಷಗಳನ್ನು ಕ್ಷಮಿಸೋಣ.

ಆದರೆ ಅವಸರವನ್ನು ಕ್ಷಮಿಸಲಾಗದು. ಪೋಲೆಂಡಿನ ಸಂಸ್ಥೆಯೊಂದು ‘ಸೈಬರ್‌ಪಂಕ್ 2077’ ಎಂಬ ಆಟವನ್ನು ಮೂರು ಸಲ ಮುಂದೂಡಿ, 2020ರ ಡಿಸೆಂಬರ್ 10ರಂದು ಹೊರತಂದಿತು. ಹಳೆಯ ಆಟದ ಯಂತ್ರಗಳಲ್ಲಿ ಅದು ಮತ್ತೆ ಮತ್ತೆ ನಿಂತುಹೋಯಿತು. ಸೋನಿ ಸಂಸ್ಥೆಯು ಅದೇ ತಿಂಗಳು ತನ್ನ ಪ್ಲೇಸ್ಟೇಷನ್ ಮಳಿಗೆಯಲ್ಲಿ ಅದರ ಮಾರಾಟವನ್ನು ನಿಲ್ಲಿಸಿ, ಕೊಂಡವರಿಗೆ ಹಣ ಮರಳಿಸಲು ಮುಂದಾಯಿತು. 2021ರ ಜೂನ್‌ನಲ್ಲಿ ಅದು ಮತ್ತೆ ಆ ಮಳಿಗೆಗೆ ಬಂದಿತು.

‘ಮೊದಲು ಮಾರೋಣ, ಆಮೇಲೆ ತಿದ್ದೋಣ’ ಎಂಬ ಧೋರಣೆ ಸರಿಯೇ? ಕಟ್ಟಿದ ಗೋಡೆ ಬಿರುಕುಬಿಟ್ಟ ಬಳಿಕ ಸಿಮೆಂಟನ್ನು ಪರೀಕ್ಷಿಸಿದರೆ ಯಾರಾದರೂ ಒಪ್ಪುವರೇ? ಹಣ ತೆತ್ತವನನ್ನೇ ಪರೀಕ್ಷಕನನ್ನಾಗಿ ಮಾಡುವುದು ನ್ಯಾಯವಲ್ಲ. ದೋಷವನ್ನು ಕಂಡುಹಿಡಿದರೆ ಸಾಲದು; ‘ಇದಿನ್ನೂ ಸಿದ್ಧವಾಗಿಲ್ಲ’ ಎಂಬ ಪರೀಕ್ಷಕನ ಮಾತನ್ನು ಒಡೆಯನು ಕೇಳಬೇಕು. ಸಿಮೆಂಟಾಗಲಿ, ಆಟವಾಗಲಿ, ಕೊಳ್ಳುವವನ ನಂಬಿಕೆ ನಿಂತಿರುವುದು ಆ ಮಾತಿನ ಮೇಲೆಯೇ.