ಚದುರಂಗವೂ ಅಹಂಕಾರವೂ

ಚದುರಂಗದಲ್ಲಿ ಜಗಜ್ಜೇತನಾಗಬೇಕಾದರೆ ಅಹಂಕಾರ ಅನಿವಾರ್ಯ, ಎದುರಾಳಿಯನ್ನು ತೃಣಸಮಾನನೆಂದು ಬಗೆಯದವನು ಗೆಲ್ಲಲಾರ ಎಂಬ ವಾದವೊಂದು ವಿದ್ಯಾವಂತರ ಬಾಯಲ್ಲೂ ಕೇಳಿಬರುತ್ತಿದೆ. ಮಕ್ಕಳನ್ನು ಪಂದ್ಯಾವಳಿಗಳಿಗೆ ಕರೆದೊಯ್ಯುವ ತಂದೆತಾಯಿಗಳೂ ಇದನ್ನು ನಂಬತೊಡಗಿರುವುದರಿಂದ, ಪರೀಕ್ಷಿಸದೆ ಬಿಡುವುದು ಯುಕ್ತವಲ್ಲ.

ಈ ವಾದಿಗಳ ಮೊದಲ ಸಾಕ್ಷಿ ಅಮೆರಿಕದ ಬಾಬಿ ಫಿಶರ್. 1972ರಲ್ಲಿ ಐಸ್‌ಲೆಂಡಿನ ರೇಕ್ಯಾವಿಕ್‌ನಲ್ಲಿ ಸೋವಿಯತ್ ಒಕ್ಕೂಟದ ಬೋರಿಸ್ ಸ್ಪಾಸ್ಕಿಯವರನ್ನು ಸೋಲಿಸಿ ಅವರು ಜಗಜ್ಜೇತರಾದರು. ಅಹಂಕಾರವೂ ಅವರಲ್ಲಿ ಧಾರಾಳವಾಗಿತ್ತು. ಆದರೆ ಆ ಪಂದ್ಯದ ಜಮಾಖರ್ಚನ್ನು ಪೂರ್ತಿ ಓದಬೇಕು. ಮೊದಲ ಆಟದಲ್ಲಿ ಸೋತ ಫಿಶರ್, ಕ್ಯಾಮೆರಾಗಳ ಬಗ್ಗೆ ಆಕ್ಷೇಪವೆತ್ತಿ ಎರಡನೆಯದಕ್ಕೆ ಬರಲೇ ಇಲ್ಲ. ಎರಡು ಅಂಕ ಮುಂದಿದ್ದ ಸ್ಪಾಸ್ಕಿ ಅಲ್ಲಿಗೇ ಗಂಟುಮೂಟೆ ಕಟ್ಟಬಹುದಿತ್ತು. ಬದಲಾಗಿ, ಫಿಶರರ ಬೇಡಿಕೆಯಂತೆ ಪ್ರೇಕ್ಷಕರಿಲ್ಲದ ಹಿಂಬದಿಯ ಕೋಣೆಯಲ್ಲಿ ಮೂರನೆಯ ಆಟವಾಡಲು ಒಪ್ಪಿದರು. ಫಿಶರ್ ಅವರ ಮೇಲೆ ಪಡೆದ ಮೊಟ್ಟಮೊದಲ ಜಯ ಅದೇ! ಆರನೆಯ ಆಟ ಮುಗಿದಾಗ ಸಭಿಕರೊಡನೆ, ಸೋತ ಸ್ಪಾಸ್ಕಿಯವರೂ ಚಪ್ಪಾಳೆ ತಟ್ಟಿದರು. ಎದುರಾಳಿಯ ಸೌಜನ್ಯವಿಲ್ಲದಿದ್ದರೆ ಫಿಶರರ ಪ್ರತಿಭೆಗೆ ಮಣೆಯೇ ದೊರೆಯುತ್ತಿರಲಿಲ್ಲ. ಇನ್ನು ಆ ಅಹಂಕಾರದ ಫಲವಾದರೂ ಏನು? 1975ರಲ್ಲಿ ಕಾರ್ಪೋವ್ ವಿರುದ್ಧ ಆಡದೆಯೇ ಪಟ್ಟ ಕಳೆದುಕೊಂಡರು. ಇಪ್ಪತ್ತು ವರ್ಷ ಸ್ಪರ್ಧೆಗೇ ಇಳಿಯಲಿಲ್ಲ.

ಎರಡನೆಯ ಸಾಕ್ಷಿ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್. 2025ರ ಜೂನ್ 1ರಂದು ಸ್ಟಾವಂಗರ್‌ನಲ್ಲಿ, ಗೆಲ್ಲುವ ಸ್ಥಿತಿಯಿಂದ ಜಾರಿ ಭಾರತದ ಗುಕೇಶರಿಗೆ ಸೋತಾಗ ಅವರು ಮೇಜನ್ನು ಗುದ್ದಿದರು. ಇದು ಜಯದ ಹಸಿವು ಎಂದು ಹೊಗಳಿದವರುಂಟು. ಕಾರ್ಲ್‌ಸನ್ ಮಾತ್ರ ಒಡನೆಯೇ ಗುಕೇಶರಲ್ಲಿ ಕ್ಷಮೆ ಕೋರಿದ್ದರು. ಗುದ್ದಿದವರೇ ಕ್ಷಮೆ ಕೇಳಿದ ಕೃತ್ಯವನ್ನು ನೋಡಿದವರು ಕೊಂಡಾಡುವುದೆಂದರೆ!

ಮೇಜಿನ ಗುದ್ದಿಗಿಂತ ಘೋರವಾದುದು ಸಂಶಯದ ಗುದ್ದು. ಇದಕ್ಕೆ ಮೂರು ವರ್ಷ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಸೇಂಟ್ ಲೂಯಿಸ್‌ನಲ್ಲಿ ಹತ್ತೊಂಬತ್ತರ ತರುಣ ಹ್ಯಾನ್ಸ್ ನೀಮನ್‌ರಿಗೆ ಸೋತ ಕಾರ್ಲ್‌ಸನ್, ಮರುದಿನವೇ ಕಾರಣ ಹೇಳದೆ ಪಂದ್ಯಾವಳಿ ತೊರೆದರು. ಎರಡು ವಾರಗಳ ಬಳಿಕ ಅಂತರ್ಜಾಲದ ಪಂದ್ಯದಲ್ಲಿ ಅದೇ ಎದುರಾಳಿಯ ಮುಂದೆ ಒಂದೇ ಒಂದು ನಡೆಯಾದ ಮೇಲೆ ಸೋಲೊಪ್ಪಿದರು. ಮೋಸದ ಆರೋಪವನ್ನು ಬಾಯಿಬಿಟ್ಟು ಹೇಳಿದ್ದು ಆಮೇಲೆ. ನೀಮನ್‌ರ ಚರಿತ್ರೆ ನಿಷ್ಕಳಂಕವೇನಲ್ಲ; ಅಂತರ್ಜಾಲದ ಆಟಗಳಲ್ಲಿ ಹಿಂದೆ ಮೋಸಮಾಡಿದ್ದನ್ನು ಅವರೇ ಒಪ್ಪಿದ್ದರು. ಆದರೆ ಮಣೆಯ ಮುಂದೆ ಕುಳಿತು ಆಡಿದ ಆ ಆಟದಲ್ಲಿ ಮೋಸ ನಡೆದುದಕ್ಕೆ ಪುರಾವೆ ದೊರೆಯಲಿಲ್ಲ. 2023ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟದ ಆಯೋಗವು ಸಕಾರಣವಿಲ್ಲದೆ ಪಂದ್ಯಾವಳಿ ತೊರೆದುದಕ್ಕಾಗಿ ಕಾರ್ಲ್‌ಸನ್‌ರಿಗೆ 10,000 ಯೂರೋ ದಂಡ ವಿಧಿಸಿ, ಉಳಿದ ಆಪಾದನೆಗಳಿಂದ ಮುಕ್ತಗೊಳಿಸಿತು. ಆಯೋಗ ಬಿಟ್ಟಿರಬಹುದು, ಆದರೆ ದೂರನ್ನು ತೀರ್ಪುಗಾರರಿಗೆ ಒಪ್ಪಿಸಿ ಆಟ ಮುಂದುವರಿಸುವ ದಾರಿ ತೆರೆದೇ ಇತ್ತು. ಅದನ್ನು ಮುಚ್ಚಿದ್ದು ಮಾನಕಷಾಯವಲ್ಲದೆ ಮತ್ತೇನು? ಲೆಕ್ಕ ತಾಳೆಯಾಗದಾಗ ಗುಮಾಸ್ತನನ್ನು ಬೀದಿಯಲ್ಲಿ ನಿಲ್ಲಿಸಿ ಕಳ್ಳನೆನ್ನುವ ಸಾಹುಕಾರನನ್ನು ಪೇಟೆ ಮೆಚ್ಚುವುದಿಲ್ಲ.

ಸ್ಪಾಸ್ಕಿಯವರ ಸೌಜನ್ಯ ದೌರ್ಬಲ್ಯವಾಗಿತ್ತು ಎನ್ನುವವರಿಗೆ ಇನ್ನೊಂದು ಸಂಗತಿ. 1992ರಲ್ಲಿ ಅಮೆರಿಕದ ನಿರ್ಬಂಧ ಮೀರಿ ಯುಗೊಸ್ಲಾವಿಯಾದಲ್ಲಿ ಅವರೊಡನೆ ಆಡಿದ್ದ ಫಿಶರ್, 2004ರಲ್ಲಿ ಜಪಾನಿನಲ್ಲಿ ಬಂಧಿತರಾದರು. ಆಗ ಸ್ಪಾಸ್ಕಿ ಅಮೆರಿಕದ ಅಧ್ಯಕ್ಷರಿಗೆ ಪತ್ರ ಬರೆದು, ಅದೇ ಅಪರಾಧ ತಮ್ಮದೂ ಆದುದರಿಂದ ತಮ್ಮನ್ನೂ ಬಂಧಿಸಿ ಫಿಶರರ ಕೋಣೆಯಲ್ಲೇ ಇರಿಸಬೇಕೆಂದೂ, ಜೊತೆಗೊಂದು ಚದುರಂಗದ ಮಣೆ ಕೊಡಿಸಬೇಕೆಂದೂ ಕೋರಿದರು.