ಒರಳುಕಲ್ಲು ಪುಸ್ತಕದಲ್ಲಿಲ್ಲ

ಏಳನೆಯ ತರಗತಿಯಲ್ಲಿ ಓದುವ ನನ್ನ ತಮ್ಮ ಮೊನ್ನೆ ಅಗ್ನಿಶಿಲೆ, ಜಲಜಶಿಲೆ, ರೂಪಾಂತರಶಿಲೆಗಳ ಲಕ್ಷಣಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಹಿತ್ತಲಿನ ಒರಳುಕಲ್ಲನ್ನು ತೋರಿಸಿ, "ಇದು ಯಾವುದೋ?" ಎಂದೆ. "ಅದು ಪುಸ್ತಕದಲ್ಲಿಲ್ಲ, ಅಕ್ಕಾ" ಎಂದ! ನಕ್ಕುಬಿಟ್ಟೆ. ನಾನೂ ಹಾಗೆಯೇ ಓದಿ ತೇರ್ಗಡೆಯಾದವಳೆಂಬುದು ನೆನಪಾಗಿ ನಗು ಅಲ್ಲಿಗೇ ನಿಂತಿತು.

ಮಾಧ್ಯಮಿಕ ಶಾಲೆಯಲ್ಲಿ ಕಲ್ಲಿನ ಪಾಠವನ್ನು ಮಕ್ಕಳ ಉಗುರಿನಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಬಳಪದ ಕಲ್ಲನ್ನು ಉಗುರಿನಿಂದ ಗೀರಿದರೆ ಪುಡಿ ಉದುರುತ್ತದೆ. ಬೆಣಚುಕಲ್ಲಾದರೋ ಗಾಜನ್ನೇ ಗೀರುತ್ತದೆ. ಜರ್ಮನಿಯ ಮೋಸ್ ಎಂಬ ವಿದ್ವಾಂಸನು 1812ರಲ್ಲಿ ರಚಿಸಿದ ಕಾಠಿಣ್ಯದ ಮಾನದಲ್ಲಿ, ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಖನಿಜಕ್ಕೆ 1, ಬೆಣಚಿಗೆ 7. ತಾನೇ ಗೀರಿ ನೋಡಿದ ಹುಡುಗ ಈ ಅಂಕಿಗಳನ್ನು ಮರೆಯುವುದುಂಟೆ? ಬೇಲೂರಿನ ಶಿಲ್ಪಿಗಳು ಅಷ್ಟು ನವುರಾದ ಕೆತ್ತನೆಗೆ ಬಳಪದ ಕಲ್ಲನ್ನೇ ಏಕೆ ಆರಿಸಿಕೊಂಡರೆಂಬುದೂ ಅವನಿಗೆ ಹೊಳೆದೀತು.

ನಮ್ಮ ಒರಳು ಗ್ರಾನೈಟಿನದು. ಅದರ ಹೊರಮೈಯಲ್ಲಿ ಗಾಜಿನಂತೆ ಕಾಣುವ ಬೂದು ಹರಳು ಬೆಣಚು, ತಿಳಿಗೆಂಪಿನದು ಫೆಲ್ಡ್‌ಸ್ಪಾರ್, ಮಿನುಗುವ ಚೂರು ಅಭ್ರಕ—ಅಜ್ಜಿ ಹೇಳುವ ಕಾಗೆಬಂಗಾರ. ಶಿಲೆಯೆಂದರೇನು, ಖನಿಜವೆಂದರೇನು ಎಂಬ ಭೇದವನ್ನು ತೋರಲು ಇದಕ್ಕಿಂತ ಒಳ್ಳೆಯ ಉಪಕರಣ ಯಾವ ಪ್ರಯೋಗಶಾಲೆಯಲ್ಲಿದೆ?

ಪಾಠ ಮುಗಿಸಲು ವೇಳೆಯೇ ಸಾಲದೆಂದು ಉಪಾಧ್ಯಾಯರು ಹೇಳಬಹುದು. ಅದು ಸುಳ್ಳಲ್ಲ. ಮೂರು ವ್ಯಾಖ್ಯೆಗಳ ಉಕ್ತಲೇಖನವನ್ನು ಕೈಬಿಟ್ಟರೆ ಒಂದು ಪೀರಿಯಡ್ಡಾದರೂ ಉಳಿಯುತ್ತದಷ್ಟೆ.

ತಮ್ಮ ಈಗ ದಾರಿಯ ಕಲ್ಲುಗಳನ್ನೆಲ್ಲ ಗೀರಿ ನೋಡಿ ಮನೆಗೆ ಹೊರುತ್ತಿದ್ದಾನೆ. ಚಡ್ಡಿಯ ಜೇಬು ಎರಡು ಸಲ ಹರಿದಿದೆ. ಹೊಲಿಯುವ ಶಿಕ್ಷೆ ನನ್ನದು.