ಎರಡು ಡಾಲರಿನ ಪುಸ್ತಕ

ಅಕ್ಕಸಾಲಿಗರ ಕುಲುಮೆಯ ಬಳಿ ಬಿಳಿಗಾರದ ಪುಟ್ಟ ಡಬ್ಬಿಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಕೇರಂ ಹಲಗೆಯ ಮೇಲೆ ಮಕ್ಕಳು ಉದುರಿಸುವ ಬೋರಿಕ್ ಪುಡಿಯೂ ಅದೇ ಬಳಗದ್ದು. ಎರಡರಲ್ಲಿಯೂ ಇರುವ ಮೂಲವಸ್ತು ಬೋರಾನ್. ಅದರ ಬೆನ್ನು ಹತ್ತಿ ಜೀವಮಾನವನ್ನೇ ಸವೆಸಿದ ಹರ್ಬರ್ಟ್ ಬ್ರೌನ್ ಎಂಬ ರಸಾಯನವಿಜ್ಞಾನಿಯ ವೃತ್ತಾಂತವನ್ನು ಈ ಬಾರಿ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಬ್ರೌನ್ ಜನಿಸಿದ್ದು 1912ರಲ್ಲಿ, ಲಂಡನ್ನಿನಲ್ಲಿ. ಯುಕ್ರೇನ್ ಮೂಲದ ಬಡ ಯಹೂದಿ ಕುಟುಂಬವು ಅವರಿಗೆ ಎರಡು ವರ್ಷವಿದ್ದಾಗ ಅಮೆರಿಕದ ಷಿಕಾಗೋ ಸೇರಿತು. ತಂದೆ ಅಲ್ಲಿ ಕಬ್ಬಿಣದ ಸಾಮಾನುಗಳ ಅಂಗಡಿ ನಡೆಸುತ್ತಿದ್ದರು. 1926ರಲ್ಲಿ ಅವರು ತೀರಿಕೊಂಡಾಗ ಹುಡುಗನು ಶಾಲೆ ಬಿಟ್ಟು ಅಂಗಡಿಯಲ್ಲಿ ಕೂರಬೇಕಾಯಿತು. ಮಗನ ಮನಸ್ಸು ವ್ಯಾಪಾರದಲ್ಲಿಲ್ಲ, ಪುಸ್ತಕದಲ್ಲಿದೆ ಎಂಬುದನ್ನು ಕಂಡ ತಾಯಿ ಅಂಗಡಿಯ ಹೊಣೆಯನ್ನು ತಾವೇ ಹೊತ್ತು ಅವನನ್ನು ಮರಳಿ ಶಾಲೆಗೆ ಕಳುಹಿಸಿದರು. ವಿಜ್ಞಾನದ ಚರಿತ್ರೆಯಲ್ಲಿ ಇಂತಹ ತಾಯಂದಿರ ಹೆಸರು ದಾಖಲಾಗುವುದು ಅಪರೂಪ.

1936ರಲ್ಲಿ ಬ್ರೌನ್ ಪದವಿ ಪಡೆದರು. ಅವು ಆರ್ಥಿಕ ಮುಗ್ಗಟ್ಟಿನ ದಿನಗಳು. ಮುಂದೆ ಅವರ ಕೈಹಿಡಿದ ಸಾರಾ ಎಂಬ ಸಹಪಾಠಿ ಅಭಿನಂದನೆಗೆಂದು ಒಂದು ಪುಸ್ತಕ ಕೊಟ್ಟರು. ಅದು ಬೋರಾನ್ ಮತ್ತು ಸಿಲಿಕಾನ್‌ಗಳ ಹೈಡ್ರೈಡುಗಳನ್ನು ಕುರಿತು ಜರ್ಮನಿಯ ಆಲ್ಫ್ರೆಡ್ ಸ್ಟಾಕ್ ಬರೆದದ್ದು. ಬೆಲೆ 2 ಡಾಲರ್ 6 ಸೆಂಟ್. ಇದನ್ನೇ ಆರಿಸಿದ್ದೇಕೆಂದರೆ ಅಂಗಡಿಯಲ್ಲಿದ್ದ ರಸಾಯನವಿಜ್ಞಾನದ ಗ್ರಂಥಗಳಲ್ಲಿ ಅದೇ ಅಗ್ಗವಾಗಿತ್ತು! ತಮ್ಮ ಹೆಸರಿನ ಆದ್ಯಕ್ಷರಗಳಾದ ಎಚ್, ಸಿ, ಬಿ ಎಂಬುವು ಜಲಜನಕ, ಇಂಗಾಲ, ಬೋರಾನ್‌ಗಳ ಸಂಕೇತಗಳೇ ಆಗಿವೆಯೆಂದು ಬ್ರೌನ್ ವಿನೋದವಾಡುತ್ತಿದ್ದುದುಂಟು.

ಬೋರಾನ್ ಮತ್ತು ಜಲಜನಕ ಸೇರಿದ ಡೈಬೊರೇನ್ ಆಗ ಲೋಕದಲ್ಲೆಲ್ಲ ಎರಡು ಪ್ರಯೋಗಾಲಯಗಳಲ್ಲಿ ಮಾತ್ರ, ಒಂದು ಗ್ರಾಮಿಗಿಂತಲೂ ಕಡಿಮೆ ಪ್ರಮಾಣದಲ್ಲಿ ದೊರೆಯುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರೌನ್ ಮತ್ತು ಅವರ ಗುರು ಷ್ಲೆಸಿಂಜರ್ ಇದನ್ನು ಸುಲಭವಾಗಿ ತಯಾರಿಸುವ ಬಗೆಯನ್ನು ಕಂಡುಕೊಂಡರು. ಸೋಡಿಯಂ ಬೊರೊಹೈಡ್ರೈಡ್ ಸಹ ಅದೇ ಕಾಲದ ಫಲ.

ಮುಖ್ಯ ಘಟನೆ ನಡೆದದ್ದು ಬಳಿಕ, ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿ ಬ್ರೌನರ ಸಹೋದ್ಯೋಗಿಯಾಗಿದ್ದ ಭಾರತೀಯ ಸಂಶೋಧಕ ಬಿ. ಸಿ. ಸುಬ್ಬರಾವ್ ಅವರು ಈಥೈಲ್ ಓಲಿಯೇಟ್ ಎಂಬ ಎಸ್ಟರನ್ನು ಪರೀಕ್ಷಿಸುತ್ತಿದ್ದರು. ಅದರ ಮೂಲವಾದ ಓಲಿಯಿಕ್ ಆಮ್ಲ ನಮ್ಮ ಶೇಂಗಾ ಎಣ್ಣೆಯಲ್ಲಿಯೂ ಇದೆ. ಲೆಕ್ಕದ ಪ್ರಕಾರ 2 ಪಾಲು ಹೈಡ್ರೈಡ್ ವ್ಯಯವಾಗಬೇಕಿತ್ತು, ವ್ಯಯವಾದದ್ದು 2.37. ವಸ್ತು ಶುದ್ಧವಾಗಿಲ್ಲವೆಂದು ಷರಾ ಬರೆದು ಮುಂದಿನ ಪುಟಕ್ಕೆ ಹೋಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಆ ಹೆಚ್ಚುವರಿ ಅಂಶವನ್ನು ಬೆನ್ನಟ್ಟಿದಾಗ, ಇಂಗಾಲದ ಪರಮಾಣುಗಳ ನಡುವಣ ಜೋಡಿಬಂಧಕ್ಕೆ ಬೋರಾನ್ ಮತ್ತು ಜಲಜನಕಗಳು ತಾವಾಗಿಯೇ ಸೇರಿಕೊಳ್ಳುತ್ತವೆಯೆಂಬುದು ಬೆಳಕಿಗೆ ಬಂದಿತು. 1956ರಲ್ಲಿ ಪ್ರಕಟವಾದ ಈ ಕ್ರಿಯೆಗೆ ಹೈಡ್ರೊಬೊರೇಷನ್ ಎಂದು ಹೆಸರು. ಬೋರಾನ್ ಕುಳಿತ ಸ್ಥಾನದಲ್ಲಿ ಅನಂತರ ಬೇಕಾದ ಬೇರೊಂದು ಪರಮಾಣುಗುಂಪನ್ನು ಕೂರಿಸಬಹುದು. ದಶಮಾಂಶ ಚಿಹ್ನೆಯ ಬಲಗಡೆಯ ಎರಡು ಅಂಕಿಗಳಿಂದ ರಸಾಯನವಿಜ್ಞಾನದಲ್ಲಿ ಒಂದು ಹೊಸ ಶಾಖೆಯೇ ಚಿಗುರಿತೆನ್ನಬೇಕು.

1962ರಲ್ಲಿ ಬ್ರೌನ್ ಈ ವಿಷಯವಾಗಿ ಒಂದು ಗ್ರಂಥ ಬರೆದರು. ಜಪಾನಿನ ಸಪ್ಪೊರೊ ನಗರದ ಪುಸ್ತಕದಂಗಡಿಯೊಂದರಲ್ಲಿ ಅದು ಅಕಿರಾ ಸುಜುಕಿ ಎಂಬ ತರುಣ ಅಧ್ಯಾಪಕರ ಕೈಗೆ ಸಿಕ್ಕಿತು. ಓದಿ ಮನಸೋತ ಅವರು 1963ರಲ್ಲಿ ಪರ್ಡ್ಯೂಗೆ ತೆರಳಿ ಎರಡು ವರ್ಷ ಬ್ರೌನರ ಬಳಿ ದುಡಿದರು. ಸ್ವದೇಶಕ್ಕೆ ಮರಳಿದ ಮೇಲೆ 1979ರಲ್ಲಿ ನೊರಿಯೊ ಮಿಯೌರ ಅವರೊಡನೆ ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಬೋರಾನ್ ಹೊತ್ತ ಒಂದು ಇಂಗಾಲದ ತುಂಡು, ಬ್ರೋಮಿನ್ ಹೊತ್ತ ಇನ್ನೊಂದು, ನಡುವೆ ಚಿಟಿಕೆಯಷ್ಟು ಪೆಲ್ಲೇಡಿಯಂ ಲೋಹ, ಜೊತೆಗೆ ಕ್ಷಾರ. ಎರಡು ತುಂಡುಗಳೂ ಬೆಸೆದುಕೊಳ್ಳುತ್ತವೆ. ಅದೇ 1979ರಲ್ಲಿ ಬ್ರೌನ್ ಅವರಿಗೆ ಜರ್ಮನಿಯ ವಿಟ್ಟಿಗ್ ಅವರೊಡನೆ ನೊಬೆಲ್ ಪಾರಿತೋಷಕ ಸಂದಿತು. ಶಿಷ್ಯ ಸುಜುಕಿ ಅವರಿಗೆ ಅದು ಸಂದದ್ದು 2010ರಲ್ಲಿ. ಅಂದು ಅವರೊಡನೆ ಗೌರವ ಹಂಚಿಕೊಂಡ ಇಬ್ಬರಲ್ಲಿ ನೆಗಿಶಿ ಎಂಬವರೂ ಬ್ರೌನರ ಬಳಿಯಲ್ಲಿಯೇ ಪಳಗಿದವರು. ಗುರು ಅದನ್ನು ಕಾಣಲಿಲ್ಲ. ಅವರು 2004ರಲ್ಲಿಯೇ ತೀರಿಕೊಂಡಿದ್ದರು.

ಸುಜುಕಿ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ. ಸರ್ಕಾರದ ಹಣದಿಂದ ನಡೆದ ಸಂಶೋಧನೆ ಎಲ್ಲರಿಗೂ ಸೇರಬೇಕೆಂಬುದು ಅವರ ನಿಲುವಾಗಿತ್ತು. ಆದ್ದರಿಂದಲೇ ಅದು ಬಹುಬೇಗ ಹಬ್ಬಿತೆಂದು ನಮಗೆ ತೋರುತ್ತದೆ. ರಕ್ತದೊತ್ತಡಕ್ಕೆ ವೈದ್ಯರು ಬರೆದುಕೊಡುವ ಲೊಸಾರ್ಟನ್ ಮಾತ್ರೆಯ ತಯಾರಿಕೆಯಲ್ಲಿ ಈ ಬೆಸುಗೆಯೇ ಬಳಕೆಯಾಗಿದೆ. ಓದುಗರ ಮನೆಯ ಹಿರಿಯರ ಔಷಧದ ಡಬ್ಬಿಯಲ್ಲಿಯೂ ಅದು ಇದ್ದೀತು. ಮಾತ್ರೆಯಲ್ಲಿ ಹುಡುಕಿದರೆ ಬೋರಾನ್ ಸಿಗದು. ಆಭರಣ ಬೆಸೆದಾದ ಮೇಲೆ ಬಿಳಿಗಾರವನ್ನು ತೊಳೆದುಬಿಡುವಂತೆ ಇಲ್ಲಿಯೂ ಬೆಸುಗೆ ಮುಗಿದೊಡನೆ ಬೋರಾನ್ ಬೇರ್ಪಟ್ಟು, ಕೇರಂ ಪುಡಿಯ ಬಳಗದ ಲವಣವಾಗಿ ನೀರಿನಲ್ಲಿ ಹೊರಟುಹೋಗುತ್ತದೆ.